ದಿನಕ್ಕೊಬ್ರು ಸಂತರು ಬೇಡ, ಒಬ್ರೇ ಸಾಕು: ಸಂತರ ಜೀವನ ಓದೋ ರೀತಿ

ನಮ್ಮಂಥ ಕಥೋಲಿಕ ಕ್ರೈಸ್ತರಿಗೆ ಬೆಳಿಗ್ಗೆ ಎದ್ದ ತಕ್ಷಣ ಫೋನಲ್ಲಿ "ಇಂದಿನ ಸಂತರು" ಅಂತ ಮೆಸೇಜ್ ಬಂದಿರುತ್ತೆ, ಓದ್ತೀವಿ, ಕೈಮುಗಿಯೋ ಇಮೋಜಿ ಹಾಕ್ತೀವಿ, ಮಧ್ಯಾಹ್ನ ಯಾರಾದ್ರೂ ಇವತ್ತು ಯಾವ ಸಂತರನ್ನ ನೆನೆಯೋ ಹಬ್ಬ ಅಂತ ಕೇಳಿದ್ರೆ ತಲೆ ಕೆರ್ಕೋತೀವಿ. ನಾನೂ ವರ್ಷಗಟ್ಟಲೆ ಇದನ್ನೇ ಮಾಡ್ದೆ. ಆಮೇಲೆ ದಿನಕ್ಕೊಬ್ರನ್ನ ಬಿಟ್ಟು ತಿಂಗಳಿಗೆ ಒಬ್ರೇ ಸಂತರನ್ನ ಹಿಡ್ಕೊಂಡೆ, ಆಗ್ಲೇ ಏನೋ ಒಂಚೂರು ಒಳಗೆ ಇಳಿಯೋಕೆ ಶುರುವಾಗಿದ್ದು.

ಯಾರನ್ನ ಆರಿಸ್ಕೋಬೇಕು? ಹೆಸರುವಾಸಿ ಯಾರು ಅಂತ ನೋಡ್ಬೇಡಿ, ನಿಮ್ಮ ಕಷ್ಟ ಯಾರಿಗೆ ಇತ್ತು ಅಂತ ನೋಡಿ. ಕೋಪ ತಡೆಯೋಕಾಗಲ್ವಾ, ಸಂತ ಜೆರೋಮ್ ಇದಾರೆ, ಬೈಬಲನ್ನ ಲ್ಯಾಟಿನ್‌ಗೆ ತಂದ ಮಹಾ ಪಂಡಿತರು, ಆದ್ರೆ ನಾಲಿಗೆ ಮಾತ್ರ ಚೂರಿ. ಮಗ ದಾರಿ ತಪ್ಪಿದಾನೆ ಅಂತ ಅಳ್ತಿದ್ರೆ ಸಂತ ಮೋನಿಕಾ, ಮಗ ಅಗಸ್ಟಿನ್‌ಗೋಸ್ಕರ ಎಷ್ಟೋ ವರ್ಷ ಕಣ್ಣೀರಿಟ್ಟು ಪ್ರಾರ್ಥನೆ ಮಾಡಿದ ತಾಯಿ (ಅಮ್ಮನ ಹಬ್ಬ ಆಗಸ್ಟ್ 27, ಮಗನದು ಮಾರನೇ ದಿನ 28, ಕ್ಯಾಲೆಂಡರಲ್ಲೂ ಅಮ್ಮ ಬೆನ್ನು ಬಿಟ್ಟಿಲ್ಲ). ಜೂಜಿನ ಚಟ ಇದ್ರೆ ಸಂತ ಕಮಿಲ್ಲಸ್, ಇಸ್ಪೀಟು ದಾಳ ಅಂತ ಇದ್ದಬದ್ದದ್ದೆಲ್ಲಾ ಕಳ್ಕೊಂಡು ಆಮೇಲೆ ರೋಗಿಗಳ ಸೇವೆಗೆ ನಿಂತವರು. ಸಂತರು ಅಂದ್ರೆ ಹಳೇ ಕಾಲದವರು ಅನ್ಸಿದ್ರೆ ಕಾರ್ಲೋ ಅಕ್ಯೂಟಿಸ್ ನೋಡಿ, 1991ರಲ್ಲಿ ಹುಟ್ಟಿ 2006ರಲ್ಲಿ, 15ನೇ ವಯಸ್ಸಿಗೇ ಲುಕೇಮಿಯಾ ಅನ್ನೋ ರಕ್ತದ ಕ್ಯಾನ್ಸರಿಂದ ತೀರ್ಕೊಂಡ ಹುಡುಗ, ಪರಮಪ್ರಸಾದದ (ಪೂಜೇಲಿ ಯೇಸುವಿನ ಶರೀರ ಅಂತ ನಂಬಿ ತಗೊಳ್ಳೋ ರೊಟ್ಟಿ) ಅದ್ಭುತಗಳ ಬಗ್ಗೆ ವೆಬ್‌ಸೈಟ್ ಮಾಡಿದ್ದ, 2025ರ ಸೆಪ್ಟೆಂಬರಲ್ಲಿ ಸಂತ ಪದವಿ ಸಿಕ್ತು.

ಇನ್ನು ಓದೋ ರೀತಿ. ಇದನ್ನ ನಾನು ಕಲಿತಿದ್ದು ಸಂತ ಇಗ್ನೇಷಿಯಸ್ ಲೊಯೋಲಾ ಅವರಿಂದ. ಮೊದಲು ಸೈನಿಕರಾಗಿದ್ದವರು, 1521ರಲ್ಲಿ ಸ್ಪೇನಿನ ಪಾಂಪ್ಲೋನಾ ಯುದ್ಧದಲ್ಲಿ ಫಿರಂಗಿ ಗುಂಡು ಬಿದ್ದು ಕಾಲು ಮುರೀತು, ಹಾಸಿಗೆ ಹಿಡಿದ್ರು, ಟೈಮ್‌ಪಾಸ್‌ಗೆ ವೀರರ ಕಥೆ ಕೊಡಿ ಅಂದ್ರೆ ಮನೇಲಿ ಇದ್ದಿದ್ದು ಕ್ರಿಸ್ತನ ಜೀವನ, ಸಂತರ ಜೀವನ ಅಷ್ಟೇ. ವಿಧಿಯಿಲ್ಲದೆ ಓದಿದ್ರು. ಓದ್ತಾ ಓದ್ತಾ ಒಂದು ವಿಷಯ ಗಮನಿಸಿದ್ರು: ರಾಜಕುಮಾರಿ, ಪರಾಕ್ರಮ ಅಂತ ಹಗಲುಗನಸು ಕಾಣುವಾಗ ಖುಷಿ ಆಗುತ್ತೆ, ಆದ್ರೆ ಆಮೇಲೆ ಮನಸ್ಸು ಒಣಗಿಹೋಗುತ್ತೆ, ಸಂತರ ಹಾಗೆ ಬದುಕಬೇಕು ಅಂತ ಯೋಚಿಸಿದಾಗ ಮಾತ್ರ ಆ ಖುಷಿ ಉಳ್ಕೊಳ್ಳುತ್ತೆ. ಹಂಗಾಗಿ ಒಂದೇ ಪುಟ ಓದಿ, ಪುಸ್ತಕ ಮುಚ್ಚಿಡಿ, ಮುಖ ತೊಳ್ಕೊಳ್ಳಿ, ಕೆಲಸ ಶುರು ಮಾಡಿ, ಹತ್ತು ನಿಮಿಷ ಆದ್ಮೇಲೆ ಏನು ನೆನಪಲ್ಲಿ ಉಳಿದಿದೆ ನೋಡಿ. ಅದೇ ಆವತ್ತಿನ ಪಾಲು, ಮಿಕ್ಕಿದ್ದು ಬಿಟ್ಬಿಡಿ.

ಓದುವಾಗ ದೊಡ್ಡ ಘಟನೆ ಹುಡುಕೋಕೆ ಹೋಗ್ಬೇಡಿ. ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆ 1941ರಲ್ಲಿ ನಾಜಿಗಳ ಆಶ್ವಿಟ್ಜ್ ಸೆರೆ ಕ್ಯಾಂಪಲ್ಲಿ ಇನ್ನೊಬ್ಬ ಕೈದಿಗೋಸ್ಕರ ಪ್ರಾಣ ಕೊಟ್ಟದ್ದನ್ನ ಓದಿದ್ರೆ ಮೈ ಜುಮ್ಮನ್ನುತ್ತೆ, ಆದ್ರೆ ಇವತ್ತು ಸಂಜೆಯೊಳಗೆ ನಾನು ಏನು ಮಾಡ್ಲಿ ಅಂದ್ರೆ ಉತ್ತರ ಇಲ್ಲ. ಅದಕ್ಕೆ ಫ್ರಾನ್ಸಿನ ಲಿಸ್ಯೂ ಊರಿನ ಮಠದ ಸಿಸ್ಟರ್ ಸಂತ ತೆರೇಸಾ ನನಗೆ ಇಷ್ಟ. 24 ವರ್ಷಕ್ಕೇ ಕ್ಷಯದಿಂದ ತೀರಿಕೊಂಡ್ರು, ಬದುಕಿದ್ದಷ್ಟು ದಿನ ಮಠದಿಂದಾಚೆ ಹೆಸರೇ ಗೊತ್ತಿರ್ಲಿಲ್ಲ. ಧ್ಯಾನದ ಹೊತ್ತಲ್ಲಿ ಹಿಂದೆ ಕೂತ ಒಬ್ಬ ಸಿಸ್ಟರ್ ಏನೋ ಕಟಕಟ ಸದ್ದು ಮಾಡ್ತಾನೇ ಇರ್ತಿದ್ರಂತೆ, ತಿರುಗಿ ಒಂದ್ಸಲ ಗುರಾಯಿಸ್ಬೇಕು ಅನ್ಸುತ್ತೆ, ಇವರು ಗುರಾಯಿಸ್ಲಿಲ್ಲ, ಆ ಸದ್ದನ್ನೇ ಸಂಗೀತ ಅನ್ಕೊಂಡು ಕೇಳಿ ಯೇಸುಸ್ವಾಮಿಗೆ ಒಪ್ಪಿಸಿದ್ರು, ಬೆವರು ಕಿತ್ತುಬಂತು ಅಂತ ಅವರೇ ಬರ್ಕೊಂಡಿದಾರೆ. ಪಕ್ಕದ ಸೀಟಿನವರು ಪೆನ್ ಕುಟ್ತಾ ಕೂತಾಗ ನಾನೂ ಟ್ರೈ ಮಾಡಿದೀನಿ. ಮೂರು ನಿಮಿಷ ತಡ್ಕೊಂಡೆ. ಮಾರನೇ ದಿನ ಐದು. ಹೀಗೆ ಓದಿದ್ದರಲ್ಲಿ ಒಂದು ಸಣ್ಣ ಕೆಲಸ ಹುಡ್ಕಿ ಚೀಟಿ ಮೇಲೆ ಬರ್ಕೊಳ್ಳಿ. ರಾತ್ರಿ ಮಲಗೋಕೆ ಮುಂಚೆ ಆಯ್ತಾ ಇಲ್ವಾ ಅಂತ ದೇವರ ಮುಂದೆ ಎರಡು ನಿಮಿಷ ನೋಡ್ಕೊಳ್ಳಿ.

ಒಂದು ಎಚ್ಚರಿಕೆ, ಸಂತರ ಕಠಿಣ ಉಪವಾಸ, ದೇಹದಂಡನೆ ಎಲ್ಲಾ ಕಾಪಿ ಹೊಡೀಬೇಡಿ. ಇಗ್ನೇಷಿಯಸ್ ಅವರೇ ಮೊದಮೊದಲು ಅತಿ ಮಾಡಿ ಹೊಟ್ಟೆ ಹಾಳು ಮಾಡ್ಕೊಂಡು, ಆಮೇಲೆ ಬೇರೆಯವರಿಗೆ ಹಂಗೆ ಮಾಡ್ಬೇಡಿ ಅಂದ್ರು. ಇನ್ನು ಡ್ರ್ಯಾಗನ್ ಕೊಂದಂಥ ಕಥೆಗಳನ್ನ ಕಥೆ ಥರಾನೇ ಓದಿ, ನಂಬಿಕೆ ಅಲ್ಲಾಡಿಸ್ಕೋಬೇಡಿ. ಆದಷ್ಟು ಸಂತರೇ ಬರೆದದ್ದನ್ನ ಓದಿದ್ರೆ ಈ ತಲೆನೋವೇ ಇರಲ್ಲ, ಅಗಸ್ಟಿನ್, ಲಿಸ್ಯೂದ ತೆರೇಸಾ, ಸ್ಪೇನಿನ ಆವಿಲಾದ ತೆರೇಸಾ, ಎಲ್ಲರೂ ತಮ್ಮ ತಪ್ಪನ್ನ ತಾವೇ ಬರೆದಿಟ್ಟಿದಾರೆ. ಅಂದಹಾಗೆ ಹಬ್ಬದ ದಿನ ಸಾಮಾನ್ಯವಾಗಿ ಸಂತರು ತೀರಿಕೊಂಡ ದಿನ, ಅದು ಸ್ವರ್ಗದಲ್ಲಿ ಹುಟ್ಟಿದ ದಿನ ಅಂತ ಲೆಕ್ಕ. ಆವಿಲಾದ ತೆರೇಸಾ ಹೋಗಿದ್ದು 1582ರ ಅಕ್ಟೋಬರ್ 4ರ ರಾತ್ರಿ, ಆದ್ರೆ ಅವತ್ತೇ ಹಳೇ ಕ್ಯಾಲೆಂಡರ್ ಹೋಗಿ ಈಗಿನದು ಬಂದು, ಮಧ್ಯೆ ಹತ್ತು ದಿನ ಬಿಟ್ಟು ಮಾರನೇ ದಿನ ನೇರವಾಗಿ 15 ಆಯ್ತು, ಹಂಗಾಗಿ ಹಬ್ಬ 15ಕ್ಕೆ.

ಎಷ್ಟು ಓದಿದ್ರೂ ಏನೂ ಅನ್ನಿಸದ ದಿನಗಳು ಬರ್ತವೆ, ಬಂದೇ ಬರ್ತವೆ. ಮದರ್ ತೆರೇಸಾ ಅವರ ಪತ್ರಗಳು ಹೊರಗೆ ಬಂದಾಗ ಗೊತ್ತಾಗಿದ್ದು, ಅಷ್ಟು ಸೇವೆ ಮಾಡ್ತಾ ಇದ್ದವರ ಒಳಗೆ ದಶಕಗಳ ಕಾಲ ದೇವರು ದೂರ ಹೋದಂಥ ಕತ್ತಲೆ ಇತ್ತು ಅಂತ. ಅಂಥ ದಿನ ನಾನು ಪುಟ ತೆಗೆಯೋದೇ ಇಲ್ಲ, ಆ ತಿಂಗಳ ಸಂತರ ಹೆಸರು ಹೇಳಿ "ನಮಗಾಗಿ ಪ್ರಾರ್ಥಿಸಿರಿ" ಅಂದು ಎದ್ದು ಕೆಲಸಕ್ಕೆ ಹೋಗ್ತೀನಿ.