ಕಿರ್ದಿಯಲ್ಲಿ ಬರೆದಿಟ್ಟ ಬ್ಲ್ಯಾಕ್‌ಜಾಕ್

ಅಮರಗೋಳ ಎಪಿಎಂಸಿಯಲ್ಲಿ ನಮ್ಮ ಕಾಕಾನ ಅಡತಿ ಅಂಗಡಿ. ಕಿರ್ದಿ ಬರೆಯುವುದು ನನ್ನ ಕೆಲಸ. ಬ್ಲ್ಯಾಕ್‌ಜಾಕ್ ಅಂದರೆ 21 ದಾಟದೆ, ಎಲೆ ಹಂಚುವ ಡೀಲರ್‌ಗಿಂತ ಹೆಚ್ಚು ಅಂಕ ಮಾಡುವ ಇಸ್ಪೀಟು ಆಟ. ಅದರಲ್ಲಿ ಬಿದ್ದ ಎಲೆಗಳ ಎಣಿಕೆ ಕಲಿತದ್ದೂ ಅಲ್ಲೇ, ಲಿಲಾವು ಮುಗಿದ ಮೇಲೆ ಶೇಂಗಾ ಚೀಲದ ಮೇಲೆ ಎಲೆ ಹರವಿಕೊಂಡು. 2ರಿಂದ 6ರ ಎಲೆ ಬಿದ್ದರೆ ಒಂದು ಕೂಡಿಸು. ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಬಿದ್ದರೆ ಒಂದು ಕಳೆ. 7, 8, 9ನ್ನು ಬಿಡು. 52 ಎಲೆ ಮುಗಿದಾಗ ಸೊನ್ನೆ ಬರಬೇಕು. ಅರ್ಧ ನಿಮಿಷದಲ್ಲಿ ತಪ್ಪದೆ ಸೊನ್ನೆ ಬರೋಕೆ ಮೂರು ತಿಂಗಳು ಹಿಡಿಯಿತು. ಎಣಿಕೆಯನ್ನು ಉಳಿದ ಪ್ಯಾಕುಗಳಿಂದ ಭಾಗಿಸಬೇಕು. ಬಂದ ಸಂಖ್ಯೆ ಏರಿದರೆ ಉಳಿದದ್ದರಲ್ಲಿ ದೊಡ್ಡ ಎಲೆ ಹೆಚ್ಚು, ಅದು ಆಟಗಾರನಿಗೆ ಅನುಕೂಲ. ಆಗ ಬೆಟ್ ಏರಿಸಬೇಕು.

ಎಣಿಕೆ ಯಾರಾದರೂ ಕಲಿಯಬಹುದು. ರೊಕ್ಕ ಹಿಡಿಯುವುದು ಕಷ್ಟ.

ಕರ್ನಾಟಕದಲ್ಲಿ ಕ್ಯಾಸಿನೊ ಇಲ್ಲ. ಹಾಗಾಗಿ ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿಗೆ ಪಣಜಿ, ಅಲ್ಲಿ ಮಾಂಡೋವಿ ನದಿಯ ಹಡಗು. ಯಂತ್ರವೇ ಬಿಡುವಿಲ್ಲದೆ ಎಲೆ ಕಲಸುವ ಟೇಬಲ್ಲಿಗೆ ನಾನು ಕೂರುತ್ತಿರಲಿಲ್ಲ, ಅಲ್ಲಿ ಎಣಿಸಿ ಉಪಯೋಗವಿಲ್ಲ. ಬಂಡವಾಳ 5 ಲಕ್ಷ, ನನ್ನದೇ ಉಳಿತಾಯ, ಬೇರೆ ಖಾತೆಯಲ್ಲಿ. ಸಣ್ಣ ಬೆಟ್ 500, ದೊಡ್ಡದು 4,000. ಬಂಡವಾಳ 3 ಲಕ್ಷಕ್ಕೆ ಇಳಿದರೆ ದೊಡ್ಡದು 2,000ಕ್ಕೆ ಇಳಿಯಬೇಕು. ಇದನ್ನು ಮೊದಲ ಪುಟದಲ್ಲೇ ಬರೆದಿದ್ದೆ, ಯಾಕೆಂದರೆ ಸೋತಾಗ ತಲೆ ಬೇರೆಯೇ ಹೇಳುತ್ತದೆ.

ಒಂದು ರಾತ್ರಿ ಎಣಿಕೆ ನಾಲ್ಕಕ್ಕೆ ಏರಿತ್ತು. ನನ್ನ ಕೈಯಲ್ಲಿ 11, ಡೀಲರ್ ಮುಂದೆ 6. ಡಬಲ್ ಮಾಡಿದೆ, ಅಂದರೆ ಬೆಟ್ ಇಮ್ಮಡಿ, ಇನ್ನೊಂದೇ ಎಲೆ. 8,000 ಮೇಜಿನ ಮೇಲೆ. ನನಗೆ ಬಂದದ್ದು 2. ಡೀಲರ್ ಮುಚ್ಚಿದ ಎಲೆ ತೆಗೆದಳು, ರಾಜ, ಅಂದರೆ ಹತ್ತು. ಮುಂದಿನದು 5. ಇಪ್ಪತ್ತೊಂದು! ನಾನು ಆಡಿದ್ದು ಸರಿ, ಹೋದದ್ದು 8,000. ಕಿರ್ದಿಯಲ್ಲಿ ಎರಡನ್ನೂ ಬರೆದೆ.

ನನ್ನ ಲೆಕ್ಕದಲ್ಲಿ ಒಂದು ಸಲ ಹೋದರೆ 500 ಕೈ, ಅಂದರೆ 500 ಸುತ್ತು ಆಟ, ಸರಾಸರಿ ಲಾಭ ಸುಮಾರು 3,000. ಏರಿಳಿತ ಮಾತ್ರ 30,000ದ ಆಸುಪಾಸು. ಅಂದರೆ ಹತ್ತು ಸಲ ಹೋಗಿ ಬಂದರೂ ಆಟ ಗೊತ್ತಿದೆಯೋ ಇಲ್ಲವೋ ರೊಕ್ಕ ನೋಡಿ ಹೇಳೋಕಾಗಲ್ಲ. ಅದಕ್ಕೆ ಹತ್ತಾರು ಸಾವಿರ ಕೈ ಬೇಕು. ಹನ್ನೊಂದು ಸಲ ಹೋದೆ, 38,000 ಲುಕ್ಸಾನು. ಲೆಕ್ಕದ ಒಳಗಿನ ಲುಕ್ಸಾನೇ ಅದು, ನಿದ್ದೆ ಕೆಡಲಿಲ್ಲ.

ಕಾಕಾ ಒಂದಿನ ಪುಸ್ತಕ ತಿರುವಿ ಕೇಳಿದರು, ‘ತಮ್ಮಾ, ಟ್ಯಾಕ್ಸ್ ಎಲ್ಲೈತಿ ಇದರಾಗ?’

ಅದನ್ನು ನಾನು ಹಿಡಿದೇ ಇರಲಿಲ್ಲ. ಜೂಜಿನ ಗೆಲುವಿಗೆ 30 ಶೇಕಡಾ ತೆರಿಗೆ, ಮೇಲೆ ಸೆಸ್. ಸೋತದ್ದನ್ನಾಗಲಿ ಬಸ್ ಚಾರ್ಜನ್ನಾಗಲಿ ಕಳೆಯುವ ಹಾಗಿಲ್ಲ. ಗೆದ್ದ ಸಲಗಳಿಗೆ ಮಾತ್ರ ತೆರಿಗೆ ಹಾಕಿ ಸರಾಸರಿ ತೆಗೆದೆ. ಒಂದು ಸಲಕ್ಕೆ 4,000ದಷ್ಟು ಬಂತು. ಲಾಭವೇ 3,000!

ಆ ಸಂಜೆ ಖಾತೆಯಲ್ಲಿದ್ದ 4,62,000ವನ್ನು ‘ಶಿಲ್ಕು’ ಅಂತ ಬರೆದು ಗೆರೆ ಎಳೆದೆ.