486 ಡೆಸ್ಕ್‌ಟಾಪ್ ಜೋಡಿಸುವ ಮುನ್ನ: ಯಾವ ಭಾಗ, ಯಾಕೆ, ಎಡವಟ್ಟು ಎಲ್ಲಿ

ಡಾಸ್ (ಕಮಾಂಡ್ ಟೈಪ್ ಮಾಡಿ ನಡೆಸುವ ಹಳೇ ಆಪರೇಟಿಂಗ್ ಸಿಸ್ಟಮ್) ಕಾಲದ ಡೆಸ್ಕ್‌ಟಾಪ್ ಕಟ್ಟಲು ಹೊರಟವರು ಮೊದಲು ಕೇಳುವುದು ಎಷ್ಟು ಮೆಗಾಹರ್ಟ್ಸ್ ಎಂದು. ಆ ಕಾಲದ ಪ್ರೊಸೆಸರ್ ಪೀಳಿಗೆಯಾದ 486ರ ವಿಷಯದಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಒಂದು ಭಾಗಕ್ಕೆ ಇನ್ನೊಂದು ಹೊಂದುತ್ತದೆಯೇ ಎಂಬುದೇ ಇಲ್ಲಿ ಮುಖ್ಯ. ಕಾಗದದ ಮೇಲೆ ಜೋರಾಗಿ ಕಾಣುವ ಪಟ್ಟಿ ಬೆಂಚಿನ ಮೇಲೆ ಬೂಟ್ ಆಗದೆ ಕೂರುವುದು ಮಾಮೂಲಿ.

ತಲೆನೋವು ಕಡಿಮೆ ಇರುವ ಪಟ್ಟಿ ಇದು: 486ಡಿಎಕ್ಸ್2-66 ಪ್ರೊಸೆಸರ್, ಸಾಕೆಟ್ 3 ಇರುವ ವಿಎಲ್‌ಬಿ (ವೇಗದ ಕಾರ್ಡ್‌ಗಳಿಗಾಗಿ ಇರುವ ಸ್ಲಾಟ್) ಮದರ್‌ಬೋರ್ಡ್, 256 ಕೆಬಿ ಕ್ಯಾಶ್ (ಪ್ರೊಸೆಸರ್ ಪಕ್ಕದ ವೇಗದ ಪುಟ್ಟ ಮೆಮೊರಿ), 16 ಎಂಬಿ ರ‍್ಯಾಮ್, 1 ಎಂಬಿಯ ವಿಎಲ್‌ಬಿ ವಿಡಿಯೊ ಕಾರ್ಡ್, ಜಂಪರ್ (ಪಿನ್‌ಗಳಿಗೆ ಸಿಕ್ಕಿಸಿ ಸೆಟ್ಟಿಂಗ್ ಬದಲಿಸುವ ಪುಟ್ಟ ಕ್ಲಿಪ್) ಇರುವ ಸೌಂಡ್ ಬ್ಲಾಸ್ಟರ್ 16 ಸೌಂಡ್ ಕಾರ್ಡ್, ಹಾರ್ಡ್ ಡಿಸ್ಕ್ ಬದಲು 512 ಎಂಬಿ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್, 1.44 ಎಂಬಿ ಫ್ಲಾಪಿ ಡ್ರೈವ್, ಎಟಿ ಪವರ್ ಸಪ್ಲೈ. ಡಾಸ್ 6.22ಕ್ಕೆ ಇದು ಧಾರಾಳ.

ಮದರ್‌ಬೋರ್ಡ್ ಕೈಗೆ ಬಂದ ಕೂಡಲೇ ಕೀಬೋರ್ಡ್ ಕನೆಕ್ಟರ್ ಪಕ್ಕ ನೋಡಿ. ನೀಲಿ ಅಥವಾ ಹಸಿರು ಸುತ್ತಿನ ಪುಟ್ಟ ಪೀಪಾಯಿಯಂಥದ್ದು ಇದ್ದರೆ ಅದು 3.6 ವೋಲ್ಟ್‌ನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ. ಬೋರ್ಡ್ ಸರಿಯಿದ್ದರೂ ಅದನ್ನು ಕತ್ತರಿಸಿ ತೆಗೆಯಿರಿ, ಏಕೆಂದರೆ ಇವತ್ತಲ್ಲ ನಾಳೆ ಸೋರುತ್ತದೆ. ಈಗಾಗಲೇ ಸೋರಿದ್ದರೆ ಸುತ್ತಲಿನ ತಾಮ್ರದ ಗೆರೆಗಳ ಮೇಲೆ ಹಸಿರು ಕಿಲುಬು, ಕಾಲುಗಳ ಬೆಸುಗೆಯಲ್ಲಿ ಮಾಸಲು ಬೂದಿ ಬಣ್ಣ ಕಾಣುತ್ತದೆ. ಸೋರುವುದು ಆಮ್ಲವಲ್ಲ, ಕ್ಷಾರ. ಹಾಗಾಗಿ ಬಿಳಿ ವಿನೆಗರ್‌ನಲ್ಲಿ ಅದ್ದಿದ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒಂದು ದಿನ ಒಣಗಲು ಬಿಡಿ. ಆಮೇಲೆ ಮಲ್ಟಿಮೀಟರ್ ಹಿಡಿದು ಕೀಬೋರ್ಡ್ ಕನೆಕ್ಟರ್‌ನಿಂದ ಕೀಬೋರ್ಡ್ ಕಂಟ್ರೋಲರ್ ಚಿಪ್‌ಗೆ ಹೋಗುವ ಗೆರೆಗಳನ್ನು ಒಂದೊಂದಾಗಿ ಪರೀಕ್ಷಿಸಿ. ಕೀಬೋರ್ಡ್ ಸತ್ತ ಬೋರ್ಡ್‌ಗಳಲ್ಲಿ ಹೆಚ್ಚಿನವು ಸತ್ತಿರುವುದು ಇಲ್ಲೇ.

ಆ ಜಾಗಕ್ಕೆ 3 ವೋಲ್ಟ್‌ನ ಸಿಆರ್2032 ನಾಣ್ಯ ಸೆಲ್ ಹಾಕುವುದಾದರೆ ನೇರವಾಗಿ ಬೆಸೆಯಬೇಡಿ. ಮೂಲ ಬ್ಯಾಟರಿ ಚಾರ್ಜ್ ಆಗುವಂಥದ್ದು, ನಾಣ್ಯ ಸೆಲ್ ಅಲ್ಲ; ಬೋರ್ಡ್ ಅದನ್ನೂ ಚಾರ್ಜ್ ಮಾಡಲು ಹೋಗಿ ಸೆಲ್ ಉಬ್ಬುತ್ತದೆ. ಮಧ್ಯೆ ಒಂದು ಡಯೋಡ್ ಬೇಕು, ಪಟ್ಟೆ ಇರುವ ತುದಿ ಬೋರ್ಡ್ ಕಡೆಗೆ. 1ಎನ್5817 ಒಳ್ಳೆಯದು, ಅದರಲ್ಲಿ ಕಳೆದುಹೋಗುವ ವೋಲ್ಟೇಜ್ ಕಡಿಮೆ. ಬೋರ್ಡಿನಲ್ಲಿ 4 ಪಿನ್‌ನ ಹೊರ ಬ್ಯಾಟರಿ ಕನೆಕ್ಟರ್ ಇದ್ದರೆ ಬೆಸುಗೆಯ ಗೋಜೇ ಬೇಡ, ಜಂಪರ್ ಬದಲಿಸಿ ಅದನ್ನೇ ಬಳಸಿ.

ಇನ್ನು ಪ್ರೊಸೆಸರ್. ಡಿಎಕ್ಸ್2-66 ಒಳಗೆ 66 ಮೆಗಾಹರ್ಟ್ಸ್, ಹೊರಗೆ 33. ಡಿಎಕ್ಸ್-50 ಒಳಗೂ ಹೊರಗೂ 50. ಬಸ್ (ಪ್ರೊಸೆಸರ್‌ಗೂ ಉಳಿದ ಭಾಗಗಳಿಗೂ ನಡುವಿನ ಹೊರಗಿನ ದಾರಿ) ವೇಗವೇ ಎಲ್ಲ ಎಂದುಕೊಂಡವರಿಗೆ ಎರಡನೆಯದೇ ಮೇಲು ಅನ್ನಿಸಬಹುದು. ಆದರೆ ವಿಎಲ್‌ಬಿ ಸ್ಲಾಟ್ ಪ್ರೊಸೆಸರ್ ಬಸ್‌ಗೆ ನೇರವಾಗಿ ಅಂಟಿಕೊಂಡಿದೆ. 33ರಲ್ಲಿ ಎರಡು ಮೂರು ಕಾರ್ಡ್ ನೆಮ್ಮದಿಯಾಗಿ ನಡೆದರೆ, 50ರಲ್ಲಿ ಒಂದೇ ಕಾರ್ಡ್ ಇದ್ದರೂ ಯಂತ್ರ ಎಲ್ಲೆಂದರಲ್ಲಿ ನಿಂತುಬಿಡಬಹುದು. ಡಿಎಕ್ಸ್-50 ಸಂಗ್ರಹಕ್ಕೆ ಚೆಂದ, ಬಳಕೆಗೆ ಬೇಡ.

ವೋಲ್ಟೇಜ್ ವಿಷಯದಲ್ಲಿ ಮೈಮರೆಯಬೇಡಿ. ಡಿಎಕ್ಸ್2-66 ಮಾಮೂಲಾಗಿ 5 ವೋಲ್ಟ್ ಚಿಪ್. ಡಿಎಕ್ಸ್4-100ಕ್ಕೂ ಎಎಂಡಿಯ 5ಎಕ್ಸ್86-133ಕ್ಕೂ ಬೇಕಾದ್ದು 3.3ರಿಂದ 3.45 ವೋಲ್ಟ್. 5ಕ್ಕೆ ಇಟ್ಟ ಬೋರ್ಡ್‌ಗೆ ಇವನ್ನು ಹಾಕಿದರೆ ಚಿಪ್ ಸುಟ್ಟುಹೋಗುತ್ತದೆ. ಚಿಪ್ ಕೂರಿಸುವ ಮೊದಲೇ ಜಂಪರ್ ಇಡಿ, ಇಟ್ಟಮೇಲೆ ಮ್ಯಾನ್ಯುಯಲ್ ಜೊತೆ ಇನ್ನೊಮ್ಮೆ ತಾಳೆ ನೋಡಿ. 5ಎಕ್ಸ್86ರಲ್ಲಿ ಇನ್ನೊಂದು ತಮಾಷೆಯಿದೆ: ಗುಣಕದ (ಬಸ್ ವೇಗದ ಎಷ್ಟು ಪಟ್ಟು ಓಡಬೇಕೆಂಬ) ಜಂಪರನ್ನು 2ಕ್ಕೆ ಇಟ್ಟರೆ ಅದು 4 ಎಂದು ಓದಿಕೊಳ್ಳುತ್ತದೆ. 33ರ ಬಸ್‌ನಲ್ಲಿ 133 ಸಿಗುವುದು ಹೀಗೆ.

ಚಿಪ್‌ಗೆ 168 ಪಿನ್, ಸಾಕೆಟ್ 3ಕ್ಕೆ 237 ರಂಧ್ರ. ಅಂದರೆ ಸುತ್ತಲೂ ಒಂದು ಸಾಲು ಖಾಲಿ ಉಳಿಯಬೇಕು. ಚಿಪ್‌ನ ಒಂದು ಮೂಲೆ ಚೂರು ಕತ್ತರಿಸಿದಂತಿರುತ್ತದೆ, ಅದನ್ನು ಸಾಕೆಟ್‌ನ ಒಂದನೇ ಪಿನ್ ಮೂಲೆಗೆ ಸರಿಹೊಂದಿಸಿ. ತಿರುಗಿಸಿ ಹಾಕಿ ಪವರ್ ಕೊಟ್ಟರೆ ಎರಡನೇ ಅವಕಾಶ ಸಿಗುವುದಿಲ್ಲ.

ರ‍್ಯಾಮ್ ಎಷ್ಟು ಎಂಬುದಕ್ಕಿಂತ ಎಂಥದ್ದು ಎಂಬುದನ್ನು ಮೊದಲು ನೋಡಿ. 486ರ ಡೇಟಾ ಬಸ್ 32 ಬಿಟ್. 72 ಪಿನ್‌ನ ಸಿಮ್ (ಮೆಮೊರಿ ಚಿಪ್‌ಗಳ ಪಟ್ಟಿ) ಕೂಡ 32 ಬಿಟ್, ಹಾಗಾಗಿ ಒಂದೇ ಸಾಕು. 30 ಪಿನ್‌ನದ್ದು 8 ಬಿಟ್, ಆದ್ದರಿಂದ ಒಂದೇ ಬಗೆಯ ನಾಲ್ಕು ಬೇಕು. 60 ಅಥವಾ 70 ನ್ಯಾನೊಸೆಕೆಂಡ್‌ನ ಫಾಸ್ಟ್ ಪೇಜ್ ರ‍್ಯಾಮನ್ನೇ ಹುಡುಕಿ. ಇಡಿಒ ರ‍್ಯಾಮ್ ಎಷ್ಟೋ 486 ಬೋರ್ಡ್‌ಗಳಿಗೆ ಆಗಿಬರುವುದಿಲ್ಲ. ಸಿಮ್ ಅನ್ನು ವಾಲಿಸಿ ಒಳಗಿಟ್ಟು, ನೇರ ನಿಲ್ಲಿಸಿದಾಗ ಎರಡೂ ಕಡೆಯ ಕೊಕ್ಕೆ ಟಿಕ್ ಎನ್ನಬೇಕು. ತೆಗೆಯುವಾಗ ಎರಡೂ ಕೊಕ್ಕೆಗಳನ್ನು ಒಟ್ಟಿಗೆ, ಉಗುರಿನಷ್ಟೇ ಅಗಲಿಸಿ. ಹಳೇ ಪ್ಲಾಸ್ಟಿಕ್ ಹಪ್ಪಳದಂತೆ ಮುರಿಯುತ್ತದೆ, ಮುರಿದರೆ ಆ ಸ್ಲಾಟ್ ಹೋದಂತೆಯೇ.

64 ಎಂಬಿ ತುಂಬಿಸುವ ಆಸೆ ಬೇಡ. 256 ಕೆಬಿ ಕ್ಯಾಶ್‌ಗೆ 8 ಬಿಟ್ ಟ್ಯಾಗ್ (ಕ್ಯಾಶ್‌ನಲ್ಲಿರುವುದು ಮೆಮೊರಿಯ ಯಾವ ಭಾಗದ್ದೆಂಬ ಗುರುತು) ಇದ್ದು, ರೈಟ್-ಬ್ಯಾಕ್‌ಗೆಂದು (ಬದಲಾದದ್ದನ್ನು ಮೆಮೊರಿಗೆ ಆಮೇಲೆ ಬರೆಯುವ ವಿಧಾನ) ಅದರಲ್ಲೊಂದು ಬಿಟ್ ಹೋದರೆ ಉಳಿಯುವುದು 7. ಅಂದರೆ 128 ಪಟ್ಟು 256 ಕೆಬಿ, ಒಟ್ಟು 32 ಎಂಬಿ. ಅದರ ಮೇಲಿನ ಮೆಮೊರಿಗೆ ಕ್ಯಾಶ್ ಸಿಗುವುದಿಲ್ಲ, ಯಂತ್ರ ನಿಧಾನವಾಗುತ್ತದೆಯೇ ಹೊರತು ಚುರುಕಾಗುವುದಿಲ್ಲ. ಕ್ಯಾಶ್ ಚಿಪ್‌ಗಳೇ ನಕಲಿ ಇರುವ ಬೋರ್ಡ್‌ಗಳೂ ಇವೆ: ಒಳಗೇನೂ ಇಲ್ಲದ ಪ್ಲಾಸ್ಟಿಕ್ ತುಂಡು, ಬಯಾಸ್ (ಯಂತ್ರವನ್ನು ಎಬ್ಬಿಸುವ, ಬೋರ್ಡಿನೊಳಗಿನ ಪ್ರೋಗ್ರಾಂ) ಪರದೆಯಲ್ಲಿ ಮಾತ್ರ 256 ಕೆಬಿ. ಕ್ಯಾಶ್‌ಚೆಕ್ ಎಂಬ ಡಾಸ್ ಪ್ರೋಗ್ರಾಂ ಓಡಿಸಿ. ಪ್ರೊಸೆಸರ್ ಒಳಗಿನ 8 ಕೆಬಿ ದಾಟಿದ ಕೂಡಲೇ ವೇಗ ಒಮ್ಮೆಗೇ ರ‍್ಯಾಮ್ ಮಟ್ಟಕ್ಕೆ ಕುಸಿದರೆ ಹೊರಗಿನ ಕ್ಯಾಶ್ ಕೆಲಸ ಮಾಡುತ್ತಿಲ್ಲ ಎಂದರ್ಥ.

ವಿಡಿಯೊಗೆ 1 ಎಂಬಿ ಸಾಕೆನ್ನುವುದಕ್ಕೆ ಕಾರಣವಿದೆ. 320×200ರಲ್ಲಿ 256 ಬಣ್ಣ ಎಂದರೆ 64,000 ಬೈಟ್ ಅಷ್ಟೇ. ಡಾಸ್ ಆಟಗಳು ಬಹುಪಾಲು ಅಲ್ಲೇ. 1024×768ಕ್ಕೂ 256 ಬಣ್ಣದಲ್ಲಿ 7,86,432 ಬೈಟ್ ಸಾಕು. ವ್ಯತ್ಯಾಸ ಮಾಡುವುದು ಬಸ್. ಹಳೇ ಐಎಸ್‌ಎ ಸ್ಲಾಟ್ 16 ಬಿಟ್, ಸುಮಾರು 8 ಮೆಗಾಹರ್ಟ್ಸ್; ವಿಎಲ್‌ಬಿ 32 ಬಿಟ್, 33 ಮೆಗಾಹರ್ಟ್ಸ್. ಸಿರಸ್ ಲಾಜಿಕ್ 5428 ಇರುವ ಸಾದಾ ಕಾರ್ಡ್ ಸಾಕು. ವಿಎಲ್‌ಬಿ ಕಾರ್ಡ್ ಉದ್ದ. ಹಿಂದಿನ ತುದಿ ಒತ್ತಿದರೆ ಮುಂದಿನದು ಮೇಲೇಳುತ್ತದೆ, ಬೋರ್ಡ್ ಬಾಗುತ್ತದೆ. ಕೇಸ್‌ಗೆ ಹಾಕುವ ಮೊದಲೇ ಮೇಜಿನ ಮೇಲೆ, ಬೋರ್ಡ್ ಅಡಿಗೆ ದಪ್ಪ ರಟ್ಟು ಇಟ್ಟು ಒಮ್ಮೆ ಕೂರಿಸಿ ತೆಗೆದು ಸಡಿಲಗೊಳಿಸಿ.

ಡಿಸ್ಕ್‌ಗೆ 512 ಎಂಬಿ ಯಾಕೆ? ಹಳೇ ಬಯಾಸ್‌ಗೆ ಗೊತ್ತಿರುವುದು 1024 ಸಿಲಿಂಡರ್, 16 ಹೆಡ್, 63 ಸೆಕ್ಟರ್. 512 ಬೈಟ್‌ನಿಂದ ಗುಣಿಸಿದರೆ 52,84,82,304 ಬೈಟ್. ಅದರಾಚೆಗಿನದು ಅದಕ್ಕೆ ಕಾಣುವುದಿಲ್ಲ. ದೊಡ್ಡದೇ ಬೇಕೆಂದರೆ ಎಕ್ಸ್‌ಟಿ-ಐಡಿಇ ಯೂನಿವರ್ಸಲ್ ಬಯಾಸನ್ನು ಈಪ್ರಾಮ್ ಚಿಪ್‌ಗೆ ಬರೆದು ನೆಟ್‌ವರ್ಕ್ ಕಾರ್ಡ್‌ನ ಬೂಟ್ ರಾಮ್ ಸಾಕೆಟ್‌ಗೆ ಹಾಕಬಹುದು. ಆಗಲೂ ಡಾಸ್ 6.22ರಲ್ಲಿ ಒಂದು ಪಾರ್ಟಿಶನ್‌ಗೆ 2 ಜಿಬಿ ಮಿತಿ. ಕ್ಯಾಮೆರಾದಲ್ಲಿದ್ದ ಕಾರ್ಡ್ ಫಾರ್ಮ್ಯಾಟ್ ಆಗಿಯೂ ಬೂಟ್ ಆಗದಿದ್ದರೆ ಅದರ ಮೊದಲ ಸೆಕ್ಟರ್‌ನಲ್ಲಿ ಬೂಟ್ ಕೋಡ್ ಇಲ್ಲ ಎಂದು ಊಹಿಸಿ. ಎಫ್‌ಡಿಸ್ಕ್ ಕಮಾಂಡ್‌ಗೆ ಎಂಬಿಆರ್ ಸ್ವಿಚ್ (/MBR) ಸೇರಿಸಿ ಓಡಿಸಿ, ಪಾರ್ಟಿಶನ್ ಆಕ್ಟಿವ್ ಆಗಿದೆಯೇ ಎಂದೂ ನೋಡಿ.

ಸೌಂಡ್ ಕಾರ್ಡ್: ಪೋರ್ಟ್ 220, ಐಆರ್‌ಕ್ಯೂ (ಕಾರ್ಡ್ ಪ್ರೊಸೆಸರನ್ನು ಕರೆಯುವ ಸಾಲು) 5, ಡಿಎಂಎ (ಮೆಮೊರಿಗೆ ನೇರ ದಾರಿ) 1, 16 ಬಿಟ್‌ಗೆ ಡಿಎಂಎ 5. ಐಆರ್‌ಕ್ಯೂ 7 ಪ್ರಿಂಟರ್ ಪೋರ್ಟಿನದ್ದು, ಹಂಚಿಕೊಳ್ಳಲು ಹೋದರೆ ಶಬ್ದ ಮಧ್ಯದಲ್ಲೇ ನಿಲ್ಲುತ್ತದೆ. ಪ್ಲಗ್ ಅಂಡ್ ಪ್ಲೇ ಮಾದರಿಗಳನ್ನು ಪ್ರತಿ ಬೂಟ್‌ನಲ್ಲೂ ಪ್ರೋಗ್ರಾಂ ಓಡಿಸಿ ಎಬ್ಬಿಸಬೇಕು, ಅದಕ್ಕೇ ಜಂಪರ್ ಇರುವುದನ್ನು ಹೇಳಿದ್ದು.

ಪವರ್ ಸಪ್ಲೈನ ಎರಡು ಕನೆಕ್ಟರ್‌ಗಳು ಪಿ8, ಪಿ9. ಎರಡರ ಕಪ್ಪು ತಂತಿಗಳೂ ಮಧ್ಯಕ್ಕೆ ಬರಬೇಕು, ನಾಲ್ಕೂ ಕಪ್ಪು ಒಟ್ಟಿಗೆ. ಅದಲುಬದಲಾದರೆ ಬೋರ್ಡ್ ಸುಡುತ್ತದೆ. ಎಟಿ ಕೇಸ್‌ನ ಮುಂದಿನ ಸ್ವಿಚ್‌ವರೆಗೆ ಮನೆಯ ಕರೆಂಟೇ ಬರುತ್ತದೆ, ಪ್ಲಗ್ ಕೀಳದೆ ಅದರ ತಂಟೆಗೆ ಹೋಗಬೇಡಿ.

ಮೊದಲ ಸಲ ಆನ್ ಮಾಡುವಾಗ ಎಲ್ಲವನ್ನೂ ಸಿಕ್ಕಿಸಬೇಡಿ. ಬೋರ್ಡ್, ಪ್ರೊಸೆಸರ್, ರ‍್ಯಾಮ್, ವಿಡಿಯೊ ಕಾರ್ಡ್, ಕೀಬೋರ್ಡ್, ಸ್ಪೀಕರ್, ಇಷ್ಟೇ. ಪವರ್ ಕೊಡುವ ಮುಂಚೆ 5 ವೋಲ್ಟ್‌ಗೂ ಗ್ರೌಂಡ್‌ಗೂ, 12 ವೋಲ್ಟ್‌ಗೂ ಗ್ರೌಂಡ್‌ಗೂ ಮಧ್ಯೆ ಶಾರ್ಟ್ ಇದೆಯೇ ಅಳೆಯಿರಿ. 12 ವೋಲ್ಟ್ ಸಾಲಿನ ಟ್ಯಾಂಟಲಮ್ ಕೆಪಾಸಿಟರ್‌ಗಳು ಹಲವು ವರ್ಷ ಮಲಗಿದ್ದು ಎದ್ದಾಗ ಪಟಾಕಿಯಂತೆ ಸಿಡಿಯುವುದುಂಟು, ಮುಖ ದೂರವಿರಲಿ. ಎಎಂಐ ಬಯಾಸ್ ಇದ್ದರೆ ಬೀಪ್ ಎಣಿಸಿ: 3 ಬಂದರೆ ಮೆಮೊರಿ, 8 ಬಂದರೆ ವಿಡಿಯೊ, 6 ಬಂದರೆ ಕೀಬೋರ್ಡ್ ಕಂಟ್ರೋಲರ್, ಅಂದರೆ ಮತ್ತೆ ಆ ಬ್ಯಾಟರಿ ಮೂಲೆಗೇ ಹೋಗಿ. ಪರದೆ ಬಂದ ಮೇಲೆ ಒಂದೊಂದೇ ಕಾರ್ಡ್ ಸೇರಿಸುತ್ತ ಬನ್ನಿ. ಫ್ಲಾಪಿ ಡ್ರೈವ್‌ನ ದೀಪ ಆರದೆ ಉರಿಯುತ್ತಲೇ ಇದ್ದರೆ ಕೇಬಲ್ ತಲೆಕೆಳಗಾಗಿದೆ.

ಕೇಸ್‌ನ ಮುಂದಿರುವ ಮೆಗಾಹರ್ಟ್ಸ್ ಅಂಕಿ ಏನನ್ನೂ ಅಳೆಯುವುದಿಲ್ಲ. ಅದರ ಹಿಂದಿರುವ ಜಂಪರ್‌ಗಳು ಹೇಳಿದ್ದನ್ನು ತೋರಿಸುತ್ತದೆ, ಅಷ್ಟೇ. ವೇಗ ಬದಲಿಸುವ ಟರ್ಬೊ ಬಟನ್ ಒತ್ತಿದಾಗ 66, ಬಿಟ್ಟಾಗ 33 ಬರುವಂತೆ ನೀವೇ ಇಟ್ಟುಕೊಳ್ಳಬೇಕು. 99 ಇಟ್ಟರೂ ಅದು ತಕರಾರಿಲ್ಲದೆ 99 ಎಂದೇ ತೋರಿಸುತ್ತದೆ.