ಖಾಲಾ ತಂದ ಸಂಬಂಧ, ಮೊಬೈಲ್ ತಂದ ಸಂಬಂಧ

ನಮ್ಮ ಓಣಿಯಲ್ಲಿ ಸಂಬಂಧ ಕೂಡಿಸುವ ಒಬ್ಬ ಖಾಲಾ, ಅಂದರೆ ಚಿಕ್ಕಮ್ಮ, ಇದ್ದಾರೆ. ನಮಗೆ ರಕ್ತಸಂಬಂಧಿ ಏನಲ್ಲ, ಅವರು ಊರಿಗೆಲ್ಲ ಖಾಲಾ. ಕೈಯಲ್ಲಿ ಸದಾ ಬಟ್ಟೆ ಅಂಗಡಿಯದೊಂದು ಕ್ಯಾರಿಬ್ಯಾಗ್, ಅದರ ತುಂಬಾ ಬಯೋಡೇಟಾ. ಗೋಳಗುಮ್ಮಟದ ಈ ಕಡೆಯಿಂದ ಇಬ್ರಾಹಿಂ ರೋಜಾದ ಆ ಕಡೆವರೆಗೆ ಯಾರ ಮನೆಯ ಹುಡುಗನಿಗೆ ನೌಕರಿ ಸಿಕ್ಕಿತು, ಯಾರ ಮಗಳ ಬಿ.ಎಡ್. ಮುಗಿಯಿತು, ಎಲ್ಲ ಆ ಬ್ಯಾಗಿನಲ್ಲಿ ಸಿಗುತ್ತದೆ.

ನನ್ನ ಬಯೋಡೇಟಾ ಅದರಲ್ಲಿ ಮೂರು ವರ್ಷ ಇತ್ತು. ಆರು ಮನೆಯವರು ಬಂದು ನೋಡಿ ಹೋದರು. ಒಬ್ಬರಿಗೆ ನನ್ನ ಬಣ್ಣ ಹಿಡಿಸಲಿಲ್ಲ. ಇನ್ನೊಬ್ಬರು, 'ಹುಡುಗಿ ಕನ್ನಡ ಮೀಡಿಯಂ ಅಂತೆ, ಉರ್ದು ಬರೆಯಲು ಬರುವುದಿಲ್ಲವಂತೆ' ಎಂದರು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು, ಇದಕ್ಕೆ ಏನು ಹೇಳಲಿ? ಅವರು ಬೇಡ ಅಂದಿದ್ದು ದೊಡ್ಡ ವಿಷಯವಲ್ಲ. ನಾನು ಒಮ್ಮೆ ಬೇಡ ಅಂದಾಗ ನಿಜವಾದ ಕಷ್ಟ ಶುರುವಾಯಿತು. ಹುಡುಗ ಖಾಲಾನ ನಾದಿನಿಯ ಮಗ. ನಾಲ್ಕು ತಿಂಗಳು ಖಾಲಾ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ. ಅಮ್ಮಿ ಈದ್‌ಗೆ ಶೀರ್‌ಖುರ್ಮಾ ಕಳಿಸಿದರೆ ಪಾತ್ರೆ ಖಾಲಿಯಾಗಿಯೇ ವಾಪಸ್ ಬಂತು. ಖಾಲಿ ಪಾತ್ರೆ ವಾಪಸ್ ಬಂದರೆ ಏನರ್ಥ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ 2022ರ ಜೂನ್‌ನಲ್ಲಿ ಒಂದು ಭಾನುವಾರ ಅಬ್ಬಾನ ಪಕ್ಕದಲ್ಲೇ ಕುಳಿತು ಒಂದು ಮ್ಯಾಟ್ರಿಮನಿ ಸೈಟಿನಲ್ಲಿ ಹೆಸರು ಹಾಕಿದೆ. ಅಬ್ಬಾನಿಂದ ಮುಚ್ಚಿಟ್ಟು ಮಾಡಬಾರದು ಅಂತ ಮೊದಲೇ ತೀರ್ಮಾನಿಸಿದ್ದೆ. ಧೈರ್ಯ ಕಡಿಮೆ ಅಂತಲ್ಲ. ಕದ್ದು ಮಾಡಿದರೆ ನಾಳೆ ಒಳ್ಳೆಯ ಸಂಬಂಧ ಬಂದಾಗಲೂ ಅದನ್ನು ಮನೆಯಲ್ಲಿ ಹೇಗೆ ಹೇಳುವುದು?

ಮೊದಲ ತೊಡಕು ಊರಿನ ಹೆಸರಿನದು. 2014ರಲ್ಲೇ ನಮ್ಮೂರು ವಿಜಯಪುರ ಆಯಿತು. ಆ ಸೈಟಿನ ಪಟ್ಟಿಯಲ್ಲಿ ಇನ್ನೂ ಬಿಜಾಪುರವೇ ಇತ್ತು. ಸರಿ ಎಂದು ಒತ್ತಿದೆ. ಒಂದು ವಾರ ಛತ್ತೀಸಗಡದ ಹುಡುಗರು ಬಂದರು. ಅಲ್ಲೂ ಒಂದು ಬಿಜಾಪುರ ಜಿಲ್ಲೆ ಇದೆ! ಆಮೇಲೆ ವಿಜಯಪುರ ಅಂತ ಹುಡುಕಿದರೆ ದೇವನಹಳ್ಳಿ ಹತ್ತಿರದ ವಿಜಯಪುರದವರು ಸಿಕ್ಕರು. ಕೊನೆಗೆ ಊರು ಬಿಟ್ಟು ಬಾಗಲಕೋಟೆ, ಬೆಳಗಾವಿ, ಕಲಬುರಗಿ, ಸೊಲ್ಲಾಪುರ ಎಂದು ಜಿಲ್ಲೆಗಳನ್ನೇ ಆರಿಸಿಕೊಂಡೆ. ಮಾತೃಭಾಷೆ ಉರ್ದು ಎಂದಷ್ಟೇ ಹಾಕಿದರೆ ಹೈದರಾಬಾದ್, ಲಖನೌದವರೇ ಜಾಸ್ತಿ ಬರುತ್ತಾರೆ. ಕನ್ನಡವನ್ನೂ ಸೇರಿಸಿದಾಗ ಪಟ್ಟಿ ಸಣ್ಣದಾಯಿತು, ಆದರೆ ನಮ್ಮ ಮಾತಿನವರು ಕಂಡರು.

ಎರಡನೆಯದು, ಪ್ರೊಫೈಲ್ ಮಾಡಿದವರು ಯಾರು ಎಂಬ ಪ್ರಶ್ನೆ. 'ಸ್ವತಃ' ಎಂದು ಹಾಕಿದ್ದೆ. ಮೊದಲ ರಾತ್ರಿಯೇ 'ಹಾಯ್ ಡಿಯರ್' ಹನ್ನೊಂದು. ಮರುದಿನ ಅದನ್ನು 'ತಂದೆ' ಎಂದು ಬದಲಿಸಿದೆ. ಡಿಯರ್‌ಗಳು ಮಾಯವಾಗಿ 'ಅಸ್ಸಲಾಮು ಅಲೈಕುಂ ಭಾಯಿಸಾಬ್' ಶುರುವಾದವು. ಅದೇ ಫೋಟೋ, ಅದೇ ಹುಡುಗಿ.

ಪರಿಚಯದ ಸಾಲುಗಳನ್ನು ಮೊದಲು ಬರೆದದ್ದು ನನ್ನ ಅಣ್ಣ. 'ಸುಂದರ, ಸುಶೀಲ, ಮನೆಗೆಲಸದಲ್ಲಿ ನಿಪುಣೆ.' ಓದಿದರೆ ಯಾರೋ ಬೇರೆ ಹುಡುಗಿ. ಅಳಿಸಿ ಬರೆದೆ: 'ಕನ್ನಡ ಶಿಕ್ಷಕಿ. ಮದುವೆ ಆದಮೇಲೂ ಕೆಲಸ ಮಾಡುತ್ತೇನೆ. ರೊಟ್ಟಿ ಬಡಿಯಲು ಬರುತ್ತದೆ, ಬಿರಿಯಾನಿ ಅಷ್ಟಕ್ಕಷ್ಟೆ. ವರದಕ್ಷಿಣೆಯ ಮಾತು ಬೇಡ.' ಅಮ್ಮಿ ಹಣೆ ಚಚ್ಚಿಕೊಂಡರು. ಬರುವ ಸಂಬಂಧ ಅರ್ಧಕ್ಕಿಂತ ಕಡಿಮೆಯಾದದ್ದು ನಿಜ. ಉಳಿದವರ ಜೊತೆ ಕೆಲಸದ ವಿಷಯಕ್ಕೆ ಜಗಳ ಆಡುವುದು ತಪ್ಪಿತು, ಅದೇ ಲಾಭ.

ಹೆಣ್ಣನ್ನು ನಾಲ್ಕು ಕಾರಣಕ್ಕೆ ಮದುವೆಯಾಗುತ್ತಾರೆ, ಆಸ್ತಿ, ಮನೆತನ, ಚೆಲುವು, ದೀನ್ (ಧರ್ಮನಿಷ್ಠೆ), ನೀನು ದೀನ್ ಇರುವವಳನ್ನು ಆರಿಸಿಕೋ ಎಂಬ ಹದೀಸ್, ಅಂದರೆ ಪೈಗಂಬರರ ಮಾತು, ಇದೆ. ಅಬ್ಬಾ ಸೈಟಿನ ಫಾರ್ಮ್ ನೋಡಿ ನಕ್ಕರು. ಮೊದಲ ಮೂರಕ್ಕೆ ಪುಟಗಟ್ಟಲೆ ಪ್ರಶ್ನೆ, ಎತ್ತರ ಎಷ್ಟು, ಸಂಬಳ ಎಷ್ಟು, ಶೇಖ್ ಏನು ಸೈಯದ್ ಏನು. ದೀನ್‌ಗೆ ಒಂದೇ ಪ್ರಶ್ನೆ, ನಮಾಜ್ ಎಷ್ಟು ಹೊತ್ತು. ಅದಕ್ಕೆ ಎಲ್ಲರದ್ದೂ ಒಂದೇ ಉತ್ತರ, ಐದು ಹೊತ್ತು!

ಬರೇಲ್ವಿ, ದೇವಬಂದಿ, ಅಹ್ಲೆ ಹದೀಸ್ ಎಂಬ ಮಸ್ಲಕ್‌ನ, ಅಂದರೆ ಸುನ್ನಿಗಳೊಳಗಿನ ಪಂಥದ, ಪ್ರಶ್ನೆಯನ್ನು ನಾನು ಸುಮ್ನೆ ಖಾಲಿ ಬಿಟ್ಟಿದ್ದೆ. ತಪ್ಪು ಮಾಡಿದೆ. ಹುಬ್ಬಳ್ಳಿಯ ಒಂದು ಸಂಬಂಧ ಮಾತುಕತೆಯ ಹಂತಕ್ಕೆ ಬಂದು, 'ನೀವು ದರ್ಗಾಕ್ಕೆ, ಉರುಸ್‌ಗೆ ಹೋಗುತ್ತೀರಾ?' ಎಂಬಲ್ಲಿ ನಿಂತಿತು, ಅದು ಮಸ್ಲಕ್‌ನ ಪ್ರಶ್ನೆಯೇ. ಹೋಗುತ್ತೇವೆ. ಈ ಊರಲ್ಲಿ ಹುಟ್ಟಿ ದರ್ಗಾ ನೋಡದೆ ಇರಲಾದೀತೇ? ಅವರು ಸಭ್ಯವಾಗಿಯೇ ಬೇಡ ಎಂದರು. ಮೊದಲೇ ತುಂಬಿದ್ದರೆ ಎರಡೂ ಮನೆಯವರಿಗೆ ಒಂದು ತಿಂಗಳು ಉಳಿಯುತ್ತಿತ್ತು.

ಲಂಡನ್ನಿನ ಹೃದಯದ ಡಾಕ್ಟರ್ ಒಬ್ಬರು ಬಂದಿದ್ದರು. ಒಂಬತ್ತನೇ ದಿನಕ್ಕೆ ನನಗೆ ಚಿನ್ನದ ಬಳೆಯ ಪಾರ್ಸೆಲ್ ಕಳಿಸಿದರಂತೆ, ಅದು ದೆಹಲಿ ಕಸ್ಟಮ್ಸ್‌ನಲ್ಲಿ ಸಿಕ್ಕಿಹಾಕಿಕೊಂಡಿತಂತೆ, ಬಿಡಿಸಲು 45,000 ರೂಪಾಯಿ ಕಟ್ಟಬೇಕಂತೆ. ಅಣ್ಣ ನಕ್ಕು ಬ್ಲಾಕ್ ಮಾಡಿದ. ನನಗೆ ನಗು ಬರಲಿಲ್ಲ, ಏಕೆಂದರೆ ನನ್ನ ಗೆಳತಿಯ ಅಕ್ಕ ಇಂಥದ್ದೇ ಪಾರ್ಸೆಲ್‌ಗೆ ದುಡ್ಡು ಕಟ್ಟಿದ್ದರು, ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ದುಡ್ಡು ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ತಡ ಮಾಡಿದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಹಾರಿ ಹೋಗುತ್ತದೆ. ಬಳಕೆದಾರರ ಗುರುತಿನ ಚೀಟಿ ನೋಡಬೇಕು ಎಂದು ಕೇಂದ್ರ ಸರ್ಕಾರ 2016ರಲ್ಲೇ ಈ ಸೈಟುಗಳಿಗೆ ಸೂಚಿಸಿದೆ. ಆದರೆ ಗುರುತಿನ ಚೀಟಿ ಹೆಸರು ಹೇಳುತ್ತದೆ, ಗುಣ ಹೇಳುವುದಿಲ್ಲ.

ದುಡ್ಡು ಕಟ್ಟಿ ದೊಡ್ಡ ಪ್ಯಾಕೇಜ್ ತೆಗೆದುಕೊಳ್ಳಿ ಎಂದು ಒಂದು ಸೈಟಿನವರು ಪಾಠದ ನಡುವೆಯೂ ಫೋನ್ ಮಾಡುತ್ತಿದ್ದರು. ಮೂರು ತಿಂಗಳದ್ದು ತೆಗೆದುಕೊಂಡೆ. ದಂಡ.

ಕೊನೆಗೆ ಮಝ್ ಎಂಬ ಮುಸ್ಲಿಮರ ಆಪ್ ಹಾಕಿಕೊಂಡೆ. ಅದರಲ್ಲಿ ಫೋಟೋ ಮಸುಕು ಮಾಡಿ ಇಡಬಹುದು, ಬೇಕಾದವರಿಗೆ ಮಾತ್ರ ತೋರಿಸಬಹುದು. ವಲಿಯನ್ನು, ಅಂದರೆ ಹುಡುಗಿಯ ಕಡೆಯ ಹಿರಿಯರನ್ನು, ಸೇರಿಸಿದರೆ ನಾವು ಆಡುವ ಮಾತಿನ ಪ್ರತಿ ಅವರಿಗೂ ಹೋಗುತ್ತದೆ. ಅಬ್ಬಾಗೆ ಕೇಳಿದೆ. 'ನಿನ್ನ ಮಾತೆಲ್ಲ ಓದುತ್ತ ಕೂರಲಿಕ್ಕೆ ನನಗೆ ಆಗೋದಿಲ್ಲ ಬೇಟಿ, ಅಣ್ಣನ ಹೆಸರು ಹಾಕು' ಎಂದರು. ಹಾಕಿದೆ. ಎದುರಿನವರಿಗೆ ಇದು ಗೊತ್ತಾದ ಕೂಡಲೇ ಎಷ್ಟೋ ಜನ ಮೌನ. ಅವರಾಗಿಯೇ ಹೋದರು, ಒಳ್ಳೆಯದಾಯಿತು.

ಹೋಗದೆ ಉಳಿದವರಲ್ಲಿ ಜಮಖಂಡಿ ಕಡೆಯ ಒಬ್ಬರಿದ್ದರು. ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟ್. ಆಗ ಕಬ್ಬು ಅರೆಯುವ ಹಂಗಾಮು, ಶಿಫ್ಟ್ ಮುಗಿಸಿ ಬೆಳಗಿನ ಜಾವ ಉತ್ತರ ಬರೆಯುತ್ತಿದ್ದರು, ಅದೂ ಕನ್ನಡದಲ್ಲಿ. ನಾನು ಎಲ್ಲರಿಗೂ ಕೇಳುವ ಪ್ರಶ್ನೆಗಳನ್ನೇ ಕೇಳಿದೆ. ಸಾಲ ಎಷ್ಟಿದೆ? ಮನೆಯಲ್ಲಿ ಯಾರ ಮಾತು ನಡೆಯುತ್ತದೆ? ಮೊದಲು ನಿಶ್ಚಯವಾಗಿ ಮುರಿದದ್ದು ಇದೆಯಾ? ಇದೆ, ಎಂದು ಬರೆದರು. '2020ರಲ್ಲಿ ಮಂಗ್ನಿ ಆಗಿತ್ತು, ಹುಡುಗಿ ಕಡೆಯವರು ಬಿಟ್ಟರು, ತಪ್ಪಿನಲ್ಲಿ ನನ್ನ ಪಾಲೂ ಇತ್ತು, ಒಂದು ವರ್ಷ ಸುಮ್ನೆ ಕಾಯಿಸಿದೆ.'

ಈಗ ವಿಚಾರಿಸುವವರು ಯಾರು? ಅಮ್ಮಿ ಹೋಗಿ ಖಾಲಾನನ್ನು ಕರೆತಂದರು. ಮುನಿಸು ಇಳಿಯಲು ಅರ್ಧ ತಾಸು, ಒಂದು ಕಪ್ ಚಹಾ ಬೇಕಾಯಿತು. ಮರು ಶುಕ್ರವಾರ ಖಾಲಾ ಬಸ್ ಹತ್ತಿ ಬಬಲೇಶ್ವರ ದಾಟಿ, ಕೃಷ್ಣಾ ನದಿ ದಾಟಿ ಜಮಖಂಡಿಗೆ ಹೋದರು. ಹುಡುಗನ ಮನೆಗೆ ಹೋಗಲೇ ಇಲ್ಲ. ಬಳೆ ಅಂಗಡಿಯಲ್ಲಿ ಕೂತರು, ಒಂದು ಡಜನ್ ಬಳೆ ಕೊಂಡರು, ಮಸೀದಿಯ ಪೇಶ್ ಇಮಾಮ್ ಸಾಹೇಬರ ಮನೆಯ ಹೆಂಗಸರಿಗೆ ಸಲಾಂ ಹೇಳಿದರು. ಸಂಜೆ ಬಂದು ದನಿ ತಗ್ಗಿಸಿ ಹೇಳಿದರು: 'ಹುಡುಗ ಸಭ್ಯ. ಆದರೆ ಒಂದು ಮಾತು ಮುಚ್ಚಿಟ್ಟಿದ್ದಾರೆ. ಮೊದಲೊಂದು ಮಂಗ್ನಿ ಮುರಿದಿದೆ. ವರ್ಷಗಟ್ಟಲೆ ಕಾಯಿಸಿದರಂತೆ.'

ನಾನು ಮೊಬೈಲ್ ತೆಗೆದು ಆ ಸಾಲುಗಳನ್ನು ಓದಿ ತೋರಿಸಿದೆ. ಖಾಲಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ 'ಹಾಗಾದರೆ ಏನು ಯೋಚನೆ?' ಎಂದರು. ಅವತ್ತು ರಾತ್ರಿ ದೇವರಲ್ಲಿ ದಾರಿ ಕೇಳುವ ಇಸ್ತಿಖಾರಾ ನಮಾಜ್ ಮಾಡಿದೆ. ಕನಸೇನೂ ಬೀಳಲಿಲ್ಲ. ಚೆನ್ನಾಗಿ ನಿದ್ದೆ ಬಂತು, ಅಷ್ಟೇ.

ಹಿರಿಯರು ಕೂತಾಗ ಅವರ ಮಾಮು, 'ನಮಗೇನೂ ಬೇಡ, ನಿಮ್ಮ ಮಗಳಿಗೆ ನೀವು ಏನು ಕೊಟ್ಟರೂ ಸರಿ' ಎಂದರು. ಇದು ಹಳೆಯ ದಾರಿ, ಗೊತ್ತಲ್ವಾ? ಅಬ್ಬಾ ಬಾಯಿ ತೆರೆಯುವ ಮೊದಲೇ ಹುಡುಗ ಹೇಳಿದರು, 'ಮಾಮು, ಅವರು ಪ್ರೊಫೈಲ್‌ನಲ್ಲೇ ಬರೆದಿದ್ದರು.' ಮೆಹರ್, ಅಂದರೆ ಗಂಡು ಹೆಣ್ಣಿಗೆ ಕೊಡುವ ಹಣ, ಪೂರ್ತಿ ನಿಕಾಹ್ ಹೊತ್ತಿಗೇ ಕೊಡಬೇಕು, ಆಮೇಲೆ ಎಂದು ಉಳಿಸುವುದು ಬೇಡ ಎಂದು ಅಬ್ಬಾ ಕೇಳಿದರು, ಅವರ ಕಡೆಯವರು ಒಪ್ಪಿದರು. ನಾನು ಕೆಲಸ ಬಿಡುವುದಿಲ್ಲ ಎಂಬ ಷರತ್ತನ್ನು ನಿಕಾಹ್‌ನಾಮಾದಲ್ಲಿ ಬರೆಸಿದೆವು. ಕಾಜಿ ಸಾಹೇಬರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿ, ಬರೆದರು.

2023ರ ಮೇ 10ರಂದು ವಿಧಾನಸಭೆ ಮತದಾನ, ನನಗೆ ಬೂತ್ ಡ್ಯೂಟಿ. ನಿಕಾಹ್ ಅದಾದ ವಾರಕ್ಕೆ. ಬೆರಳಿನ ಶಾಯಿಯ ಪಕ್ಕದಲ್ಲೇ ಮೆಹಂದಿ ಹಚ್ಚಿಸಿಕೊಂಡೆ. ಈಗ ಬಬಲೇಶ್ವರದಲ್ಲಿ ಬಾಡಿಗೆ ಮನೆ. ನಾನು ಬೆಳಿಗ್ಗೆ ಈ ಕಡೆ ಬಸ್ ಹತ್ತುತ್ತೇನೆ, ಅವರು ಆ ಕಡೆ.

ಸಂಬಂಧ ಕೂಡಿಸಿದವರಿಗೆ ಸೀರೆ ಕೊಡುವುದು ನಮ್ಮಲ್ಲಿ ಪದ್ಧತಿ. ಆಪ್‌ಗೆ ಸೀರೆ ಉಡಿಸಲಾಗುವುದಿಲ್ಲ. ಇಳಕಲ್ ಸೀರೆ ಖಾಲಾನ ಪಾಲಾಯಿತು. ಜಮಖಂಡಿ ಸಂಬಂಧ ನಾನೇ ಕೂಡಿಸಿದ್ದು ಎಂದು ಅವರು ಓಣಿಯಲ್ಲಿ ಹೇಳಿಕೊಂಡು ತಿರುಗುತ್ತಾರೆ. ಹೋದ ತಿಂಗಳು ತವರಿಗೆ ಹೋದಾಗ ಕ್ಯಾರಿಬ್ಯಾಗಿನಿಂದ ಒಂದು ಬಯೋಡೇಟಾ ತೆಗೆದು ನನ್ನ ಕೈಗಿಟ್ಟರು. 'ಈ ಹುಡುಗಿಯದೂ ಮೊಬೈಲಿನಲ್ಲಿ ಹಾಕು. ಮಸ್ಲಕ್ ಮರೀಬೇಡ.'